ಹಳದಿ ಚೌಕ

ಸರ್ವಮಂಗಳ ಕಾವಲಿಯ ಮೇಲೆ ದೋಸೆ ಹೊಯ್ದು ಇನ್ನೂ ಸೌಟು ಕೆಳಗಿಟ್ಟಿರಲಿಲ್ಲ. ಗಂಡ ತಿಪ್ಪೇಸ್ವಾಮಿ ಪೆಟ್ಟಿಗೆ ಬಿಚ್ಚಿ ನನ್ನನ್ನು ಅವಳ ಮುಖದೆದುರು ಹಿಡಿದ.

"ಇತ್ಲಾಗ್ ನೋಡೇ ಮಂಗಳಾ."

ಅವಳು ಸೆರಗಿನಿಂದ ಹಣೆ ಒರೆಸಿಕೊಂಡು ನೋಡಿದಳು. ದೋಸೆ ಸೀದುಹೋಯಿತು. ನಾನು ತೆಗೆದ ಮೊದಲ ಚಿತ್ರ ಅದೇ: ಒಂದಿಷ್ಟು ಹೊಗೆ, ಅದರ ಹಿಂದೆ ನಗುತ್ತಿರುವ ಹೆಂಗಸು.

ನಾನೊಂದು ಕ್ಯಾಮೆರಾ. ನನ್ನನ್ನು ಜೋಡಿಸಿದ್ದು ದೂರದ ದೇಶದ ಕಾರ್ಖಾನೆಯಲ್ಲಿ, ಬಿಳಿ ಕೈಗವಸು ತೊಟ್ಟ ಕೈಗಳು. ಆದರೆ ಕಣ್ಣು ತೆರೆದದ್ದು ಚಿತ್ರದುರ್ಗದ ಆ ಅಡುಗೆಮನೆಯಲ್ಲಿ. ನನಗೆ ಅದೇ ಹುಟ್ಟೂರು. ದೊಡ್ಡ ಕ್ಯಾಮೆರಾಗಳ ಹೊಟ್ಟೆಯೊಳಗೆ ಒಂದು ಕನ್ನಡಿ ಇರುತ್ತದೆ. ಚಿತ್ರ ತೆಗೆಯುವಾಗ ಅದು ಟಪ್ಪೆಂದು ಮೇಲೇಳುತ್ತದೆ. ನನಗೆ ಕನ್ನಡಿಯಿಲ್ಲ. ಅದಕ್ಕೇ ನನ್ನ ಮೈ ಸಣ್ಣದು, ಹಗುರ. ಬೇಕೆಂದರೆ ಸದ್ದೇ ಮಾಡದೆ ಚಿತ್ರ ತೆಗೆಯಬಲ್ಲೆ. ಬೆನ್ನ ಮೇಲಿನ ಪರದೆಯನ್ನು ಮೇಲಕ್ಕೆ ಮಡಚಿದರೆ ಎದುರು ನಿಂತವರಿಗೆ ಅವರ ಮುಖವೇ ಕಾಣುತ್ತದೆ.

ತಿಪ್ಪೇಸ್ವಾಮಿಗೆ ಪಾಲಿಟೆಕ್ನಿಕ್ಕಿನ ಲ್ಯಾಬಿನಲ್ಲಿ ಕೆಲಸ. ಭಾನುವಾರ ಬಂತೆಂದರೆ ನನ್ನನ್ನು ಜೇಬಿಗೆ ಹಾಕಿಕೊಂಡು ಕೋಟೆ ಹತ್ತುತ್ತಿದ್ದ. ಅವನ ಗೆಳೆಯ ರುದ್ರಮುನಿಯ ಕೊರಳಲ್ಲಿ ದೊಡ್ಡ ಕ್ಯಾಮೆರಾ ತೂಗುತ್ತಿತ್ತು.

"ಏನ್ ಸ್ವಾಮಿ, ಸೋಪಿನ ಡಬ್ಬಿ ತಂದೀಯಲ್ಲೋ! ಸ್ನಾನಕ್ಕೇನಾದ್ರೂ ಹೊಂಟೀಯಾ?"

"ಇದು ಜೇಬಿಗೆ ಹಿಡಿಸ್ತತಿ ಕಣೋ. ನಿಂದು ಹೊರಾಕೆ ಒಂದು ಕತ್ತೆ ಬೇಕು."

ಬಂಡೆ, ಬುರುಜು, ನವಿಲು ಎಂದು ಶುರುಮಾಡಿದವನು ಬರಬರುತ್ತಾ ಮಗಳನ್ನು ಬಿಟ್ಟು ಬೇರೇನನ್ನೂ ತೆಗೆಯದಾದ. ಹೊನ್ನಿಗೆ ಆಗ ನಾಲ್ಕು ವರ್ಷ. ಒಂದು ಕಡೆ ನಿಲ್ಲುವ ಹುಡುಗಿಯಲ್ಲ. ಆದರೆ ನನ್ನಲ್ಲಿ ಒಂದು ಸೌಲಭ್ಯವಿತ್ತು. ಒಂದು ಮುಖವನ್ನು ಹೆಸರಿನೊಂದಿಗೆ ನನಗೆ ಪರಿಚಯಿಸಿಬಿಟ್ಟರೆ, ಆಮೇಲೆ ಎಂಥ ಗುಂಪಿನಲ್ಲಿದ್ದರೂ ಆ ಮುಖದ ಸುತ್ತ ಹಳದಿ ಚೌಕ ಮೂಡಿಸಿ, ಕೆಳಗೆ ಹೆಸರು ತೋರಿಸುತ್ತೇನೆ. ಅಪರಿಚಿತರಿಗೆಲ್ಲ ಬಿಳಿ ಚೌಕ. ಹೊನ್ನಿಯನ್ನು ಅಂಗಳದ ತುಳಸಿಕಟ್ಟೆಯ ಮೇಲೆ ಕೂರಿಸಿ ಅವನು ನನಗೆ ಪರಿಚಯಿಸಿದ. ಅಂದಿನಿಂದ ಅವಳು ಓಡಿದಲ್ಲೆಲ್ಲ ನನ್ನ ಹಳದಿ ಚೌಕವೂ ಓಡುತ್ತಿತ್ತು. ಹಳದಿ ಫ್ರಾಕಿನಲ್ಲಿ ಕೋಟೆಯ ಮೆಟ್ಟಿಲ ಮೇಲೆ ಸೊಂಟಕ್ಕೆ ಕೈಯಿಟ್ಟು ನಿಂತ ಅವಳ ಚಿತ್ರವನ್ನು ದೊಡ್ಡದು ಮಾಡಿಸಿ ನಡುಮನೆಯ ಗೋಡೆಗೆ ತೂಗುಹಾಕಿದರು.

ಆ ಮಳೆಗಾಲ ಊರಲ್ಲಿ ಡೆಂಗಿ ಜ್ವರ ಬಂತು. ಹೊನ್ನಿಯನ್ನು ಆಸ್ಪತ್ರೆಗೆ ಎತ್ತಿಕೊಂಡು ಹೋದರು. ನಾನು ಮೊಳೆಗೆ ನೇತುಬಿದ್ದಿದ್ದೆ. ಮತ್ತೆ ಯಾರೋ ನನ್ನ ಗುಂಡಿ ಒತ್ತಿದಾಗ ಮನೆ ತುಂಬ ಜನ.

"ಕೊನೇದಾಗಿ ಒಂದು ಫೋಟೋ ಇರ್ಲಿ ಸ್ವಾಮಿ. ಆಮೇಲೆ ಬೇಕು ಅನ್ನಿಸ್ತತಿ," ಎಂದು ರುದ್ರಮುನಿ ನನ್ನನ್ನು ಗೆಳೆಯನ ಕೈಗಿಟ್ಟ.

ಅವರ ಪದ್ಧತಿಯಂತೆ ಮಗುವನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ಹಣೆಗೆ ವಿಭೂತಿ, ಕೊರಳಲ್ಲಿ ಸೇವಂತಿಗೆ. ಅಜ್ಜಿ ಗುರುಬಸಮ್ಮ ಮೊಮ್ಮಗಳ ಬಲಗಾಲನ್ನು ತೊಡೆಯ ಮೇಲಿಟ್ಟುಕೊಂಡು ಹಿಮ್ಮಡಿಗೆ ಕಾಡಿಗೆಯ ಬೊಟ್ಟು ಒತ್ತುತ್ತಿದ್ದಳು. "ಗುರುತಿಗೆ ಕಣವ್ವಾ. ಬೇರೆ ಮನೆಗೆ ಹೋಗಬ್ಯಾಡ. ನಮ್ಮ ಮಂಗಳನ ಹೊಟ್ಟೇಗೇ ಬಾ."

ತಿಪ್ಪೇಸ್ವಾಮಿ ನನ್ನನ್ನು ಎತ್ತಿ ಹಿಡಿದ. ನಾನು ಕಲಿತದ್ದನ್ನೇ ಮಾಡಿದೆ. ಆ ಅಲುಗದ ಮುಖದ ಸುತ್ತ ಹಳದಿ ಚೌಕ ಮೂಡಿತು; ಕೆಳಗೆ ಹೊನ್ನಿ ಎಂಬ ಹೆಸರು. ಅವನು ನನ್ನನ್ನು ಆರಿಸಿ ಅಲ್ಲೇ ನೆಲಕ್ಕೆ ಕುಸಿದ. ಆ ಚಿತ್ರ ನನ್ನೊಳಗಿಲ್ಲ.

ಎರಡು ವರ್ಷಕ್ಕೆ ಮತ್ತೊಂದು ಹೆಣ್ಣು ಮಗು ಹುಟ್ಟಿತು. ಹಿಮ್ಮಡಿಯಲ್ಲಿ ಕಪ್ಪು ಮಚ್ಚೆ. ಅಜ್ಜಿ ಕೇರಿಗೆಲ್ಲ ಸಕ್ಕರೆ ಹಂಚಿದಳು.

"ಅತ್ತೆ, ಕಾಡಿಗೆ ಹಚ್ಚಿದ್ದು ಬಲಗಾಲಿಗೆ. ಇದು ಎಡಗಾಲು," ಎಂದಳು ಸರ್ವಮಂಗಳ ಮೆಲ್ಲಗೆ.

"ಎಡಾನೋ ಬಲಾನೋ, ದಾರಿ ತಪ್ಪದೆ ಬಂದಳಲ್ಲ! ನೀನು ಸುಮ್ಕಿರು ತಾಯಿ."

ಮಗುವಿಗೆ ಅದೇ ಹೆಸರಿಟ್ಟರು. ಅದೇ ತೊಟ್ಟಿಲು, ಅದೇ ಗೆಜ್ಜೆ. ಗೋಡೆಯ ಚಿತ್ರಕ್ಕೆ ಹಾರ ಹಾಕಲಿಲ್ಲ; ಮರಳಿ ಬಂದವಳಿಗೆ ಹಾರ ಯಾಕೆ? ಮಾತು ಬಂದ ಮೇಲೆ ಮಗು ಆ ಚಿತ್ರಕ್ಕೆ ಬೆರಳು ತೋರಿಸಿದರೆ, "ಅದು ನೀನೇ," ಎನ್ನುತ್ತಿದ್ದರು. ತಾಯಿ ಮಾತ್ರ ಅವಳನ್ನು ಹೆಸರು ಹಿಡಿದು ಕರೆಯುತ್ತಿರಲಿಲ್ಲ. "ಪುಟ್ಟಿ" ಎನ್ನುತ್ತಿದ್ದಳು.

ಪುಟ್ಟಿಗೆ ನಾಲ್ಕು ತುಂಬಿದ ದಿನ ತಿಪ್ಪೇಸ್ವಾಮಿ ನನ್ನನ್ನು ಹೊರತೆಗೆದ. ಹಳದಿ ಫ್ರಾಕು ಹಾಕಿಸಿ, ಕೋಟೆಯ ಅದೇ ಮೆಟ್ಟಿಲ ಮೇಲೆ ನಿಲ್ಲಿಸಿದ. ನನ್ನ ಪರದೆಯ ಮೇಲೆ ಬಿಳಿ ಚೌಕ ಮೂಡಿತು.

"ಗಲ್ಲ ಎತ್ತು. ಹಂಗಲ್ಲ, ಇನ್ನೂ ಚೂರು. ಸೊಂಟಕ್ಕೆ ಕೈ. ನಗು."

ಬಿಳಿ ಚೌಕ. ಮಗು ಬಿಸಿಲಿಗೆ ಕಣ್ಣು ಕಿರಿದು ಮಾಡಿತು. ಅವನು ಅದರ ಕೂದಲನ್ನು ಹಣೆಯ ಮೇಲಿಂದ ಹಿಂದಕ್ಕೆ ತೀಡಿದ. ಬಿಳಿಯೇ. "ಸರಿಯಾಗಿ ನಿಂತ್ಕೊಳ್ಳೇ!" ಎಂದು ಕೂಗಿದ. ಮಗು ಅತ್ತಿತು.

"ಸಾಕು ಬಿಡ್ರೀ," ಎಂದು ಸರ್ವಮಂಗಳ ಮಗುವನ್ನು ಎತ್ತಿಕೊಂಡಳು. "ಆ ಕ್ಯಾಮೆರಾಕ್ಕಾದ್ರೂ ಗೊತ್ತೈತೆ, ಇವಳು ಅವಳಲ್ಲ ಅಂತ."

ಅಷ್ಟು ಹೊತ್ತಿನಲ್ಲಿ ಆ ಮುಖ ಎಷ್ಟೋ ಸಲ ಕಂಡಿತ್ತಲ್ಲ, 'ಹೊಸ ಮುಖವನ್ನು ಸೇರಿಸಲೇ?' ಎಂದು ನಾನು ಪರದೆಯ ಮೇಲೆ ಕೇಳಿದೆ. ನನಗೆ ತಿಳಿದದ್ದು ಅಷ್ಟೇ. ಅವನು ಬಹಳ ಹೊತ್ತು ನೋಡಿ ಬೇಡ ಎಂಬುದನ್ನು ಒತ್ತಿದ. ಮನೆಗೆ ಬಂದು ನನ್ನನ್ನು ಬೀರುವಿನೊಳಕ್ಕೆ ಸೇರಿಸಿದ. ಮತ್ತೆ ಮುಟ್ಟಲಿಲ್ಲ.

ಬೀರುವಿನಲ್ಲಿ ಸೀರೆಗಳ ಕೆಳಗೆ ನನಗೆ ಮುಪ್ಪು ಬಂತು. ಹಿಡಿಯ ರಬ್ಬರು ಅಂಟಂಟಾಗಿ ಸುಲಿಯಿತು. ಲೆನ್ಸಿನ ಅಂಚಿನಲ್ಲಿ ಬೂಷ್ಟು ಹಬ್ಬಿತು. ಆದರೂ ಉಸಿರು ನಿಲ್ಲಲಿಲ್ಲ. ಪಾತ್ರೆ ತೊಳೆದು, ಅತ್ತೆ ಮಲಗಿದ ಮೇಲೆ ಸರ್ವಮಂಗಳ ಆಗಾಗ ಮಧ್ಯಾಹ್ನ ನನ್ನ ಬ್ಯಾಟರಿಯನ್ನು ಚಾರ್ಜಿಗೆ ಹಾಕುತ್ತಿದ್ದಳು. ಆಮೇಲೆ ಬೀರುವಿನ ಬಾಗಿಲ ಮರೆಯಲ್ಲಿ ಕೂತು ಒಂದೊಂದೇ ಚಿತ್ರ ಸರಿಸುತ್ತಿದ್ದಳು. ಒದ್ದೆ ಬೆರಳಿಗೆ ಸಾಬೂನಿನ ವಾಸನೆ. ಸದ್ದಿಲ್ಲದೆ ಅಳುತ್ತಿದ್ದಳು. ಹೊಸ್ತಿಲಲ್ಲಿ ನಿಂತು ಪುಟ್ಟಿ ನೋಡುತ್ತಿದ್ದುದು ಅವಳಿಗೆ ಗೊತ್ತಿರಲಿಲ್ಲ. ನಾನು ಯಾವ ಗುಂಡಿಗೆ ಏಳುತ್ತೇನೆಂದು ಮಗು ಹಾಗೆ ಕಲಿಯಿತು.

ಈಗ ಪುಟ್ಟಿಗೆ ಏಳು. ಇವತ್ತು ಬೆಳಿಗ್ಗೆ ಬೀರು ತೆರೆದೇ ಇತ್ತು. ಅವಳು ನನ್ನನ್ನು ಎತ್ತಿಕೊಂಡು ನಡುಮನೆಗೆ ಬಂದು ಗೋಡೆಯ ಚಿತ್ರಕ್ಕೆ ಹಿಡಿದಳು. ಬೂಷ್ಟು ಹಿಡಿದ ಕಣ್ಣಲ್ಲೂ ನಾನು ಗುರುತಿಸಿದೆ. ಹಳದಿ ಚೌಕ, ಕೆಳಗೆ ಹೆಸರು. ಅವಳು ಅಕ್ಷರ ಕೂಡಿಸಿ ಓದಿದಳು. ಸಂತೋಷದಿಂದ ಪರದೆಯನ್ನು ಮೇಲಕ್ಕೆ ಮಡಚಿ ನನ್ನನ್ನು ತನ್ನತ್ತ ತಿರುಗಿಸಿದಳು.

ಬಿಳಿ.

ಮುಖ ತೊಳೆದು ಬಂದಳು. ಕುಂಕುಮ ಇಟ್ಟುಕೊಂಡಳು. ಸೊಂಟಕ್ಕೆ ಕೈಯಿಟ್ಟು ಆ ಚಿತ್ರದಂತೆಯೇ ನಕ್ಕಳು. ನಾನು ಸುಳ್ಳು ಹೇಳಲಾರದ ಯಂತ್ರ. ನನಗೆ ಕೈಯಿದ್ದಿದ್ದರೆ ಆ ಹೊತ್ತು ನನ್ನ ಕಣ್ಣು ಮುಚ್ಚಿಕೊಳ್ಳುತ್ತಿದ್ದೆ.

ಸರ್ವಮಂಗಳ ಹಿತ್ತಲಲ್ಲಿ ಬಟ್ಟೆ ಹಿಂಡುತ್ತಿದ್ದಳು. ಅಜ್ಜಿ ಕಟ್ಟೆಯ ಮೇಲೆ ಅವರೆಕಾಯಿ ಬಿಡಿಸುತ್ತಾ, "ಹೊನ್ನೀ, ಅದನ್ಯಾಕೆ ತಗಂಡ್ಯೇ, ಇಡು ಒಳಗೆ," ಎಂದಳು. ಮಗು ಅತ್ತ ತಿರುಗಲಿಲ್ಲ. ನನ್ನನ್ನು ಎದೆಗೊತ್ತಿಕೊಂಡು ತಾಯಿಯ ಮುಂದೆ ಹೋಗಿ ನಿಂತಿತು. ಸರ್ವಮಂಗಳ ನನ್ನನ್ನು ನೋಡಿದಳು, ಮಗಳ ಒದ್ದೆ ಮುಖ ನೋಡಿದಳು. ಹಿಂಡುತ್ತಿದ್ದ ಸೀರೆಯನ್ನು ಮೆಲ್ಲಗೆ ಬಕೆಟ್ಟಿಗೆ ಬಿಟ್ಟು, ಮಗಳ ಮುಖದೆದುರು ಕುಕ್ಕರುಗಾಲಲ್ಲಿ ಕೂತಳು.

"ಅಮ್ಮಾ, ಗೋಡೆ ಮೇಲಿರೋಳು ಹೊನ್ನಿ ಅಂತೆ," ಎಂದಳು ಪುಟ್ಟಿ. "ಹಂಗಾದ್ರೆ ನಾನು ಯಾರಮ್ಮಾ?"