ಎರಡು ಗೋಡೆಗಳಾಚೆಯ ಸಿಗ್ನಲ್

ಸೊಸೆ ಲ್ಯಾಪ್‌ಟಾಪ್ ಮಡಚಿ ತಂದು ಊಟದ ಮೇಜಿನ ಮೇಲಿಟ್ಟಳು.

"ಮುಗೀತು ಮಾವ. ಆನ್‌ಲೈನ್ ಪಾಠದ ನಡುವೆ ಇವತ್ತೂ ನೆಟ್ ಕಡಿದುಹೋಯ್ತು. ಹೆಡ್‌ಮಿಸ್ ಪಾಠಕ್ಕೆ ಬೇರೆಯವರನ್ನ ನೋಡ್ಕೋತಾರಂತೆ."

ಮೊನ್ನೆ ಇದೇ ದೂರಿಗೆ ಮಾವ, "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ" ಎಂದು ನಕ್ಕಿದ್ದರು. ಇಂದು ಅವಳ ಮುಖ ನೋಡಿ ನಗು ಬರಲಿಲ್ಲ. ಅವಳು ಅಡುಗೆಮನೆಗೆ ಹೋದಮೇಲೆ ಲ್ಯಾಪ್‌ಟಾಪನ್ನು ಅವಳು ಪಾಠ ಹೇಳುವ ಹಿಂದಿನ ಕೋಣೆಗೆ ಒಯ್ದು, ವೈಫೈ ವಿವರ ತೆರೆದರು. ಐದು ಗಿಗಾಹರ್ಟ್ಸ್; ಸಿಗ್ನಲ್ ದುರ್ಬಲ.

ಕೈ ಅಲ್ಲೇ ನಿಂತಿತು.

ಹೊಸ ರೂಟರ್ ಜೋಡಿಸಿದವರು ಅವರೇ. ಅದರಲ್ಲಿ ಎರಡು ಬ್ಯಾಂಡುಗಳು, ಎರಡು ಬಗೆಯ ಅಲೆಗಳು ಇದ್ದವು. ಎರಡು ಪಾಯಿಂಟ್ ನಾಲ್ಕು ಗಿಗಾಹರ್ಟ್ಸಿನದು ಹಳೇ ಕಾಲದ್ದು ಎಂದು ನಿಲ್ಲಿಸಿ, ಐದರದನ್ನು ಮಾತ್ರ ಉಳಿಸಿದ್ದರು. ಐದರ ಅಲೆಗೆ ವೇಗ ಹೆಚ್ಚು, ಆದರೆ ಗೋಡೆ ಅಡ್ಡ ಬಂದರೆ ಸೊರಗುತ್ತದೆ. ಇನ್ನೊಂದು ನಿಧಾನವಾದರೂ ಗೋಡೆ ದಾಟಿ ದೂರ ಹೋಗುತ್ತದೆ. ಹಡಗಿನಲ್ಲಿ ಅರ್ಧ ಆಯುಷ್ಯ ವೈರ್‌ಲೆಸ್ ಮುಂದೆ ಕಳೆದವರಿಗೆ ಇದು ಅ ಆ ಇ ಈ. ಮನೆಯಲ್ಲಿ ಮಾತ್ರ ದೊಡ್ಡ ಅಂಕಿಗೆ ಮರುಳಾಗಿದ್ದರು. ತಮ್ಮ ಹೆಂಡತಿ ತೀರಿಕೊಂಡಮೇಲೆ ಅವರು ರೂಟರ್ ಇರುವ ಮುಂದಿನ ಕೋಣೆಯಲ್ಲಿ ಪ್ರಾರ್ಥನೆಗೆ ಕೂರತೊಡಗಿದಾಗ, ಅದಕ್ಕೆ ತೊಂದರೆಯಾಗದಿರಲೆಂದು ಆ ಕೋಣೆ ಬಿಟ್ಟು ಎರಡು ಗೋಡೆಗಳಾಚೆ ಹೋದವಳು ಸೊಸೆ. "ಈ ಹುಡುಗಿಗೆ ತಾಳ್ಮೆ ಕೊಡಪ್ಪ" ಎಂದು ಆ ಮುಂದಿನ ಕೋಣೆಯಲ್ಲೇ ಕೂತು ಬೆಳಗ್ಗೆಯೂ ಬೇಡಿಕೊಂಡಿದ್ದರು. ಈಗ ನೆನೆದರೆ ದೇವರಿಗೆ ಮುಖ ತೋರಿಸಲು ನಾಚಿಕೆಯಾಯಿತು.

ನಿಲ್ಲಿಸಿದ ಬ್ಯಾಂಡನ್ನು ಮತ್ತೆ ಹಚ್ಚಿದರು. ಸಿಗ್ನಲ್ ತುಂಬಿ ನಿಂತಿತು. ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೂ ತಿಳಿಯುವಂತಿರಲಿಲ್ಲ. ಆ ಯೋಚನೆ ಬಂದುದಕ್ಕೇ ಎದ್ದು ಅಡುಗೆಮನೆಗೆ ನಡೆದರು.

"ತಪ್ಪು ನಿಂದಲ್ಲ ಕಣಮ್ಮ. ರೂಟರ್ ಕೆಡಿಸಿಟ್ಟವನು ನಾನು." ಏನು ಮಾಡಿದ್ದೆನೆಂದು ಬಿಡಿಸಿ ಹೇಳಿದರು.

ಅವಳು ಒಲೆ ಆರಿಸಿದಳು. "ಮೊನ್ನೆ ನನ್ನನ್ನೇ ಆಡಿಕೊಂಡ್ರಲ್ಲ ಮಾವ."

"ಆಡಿಕೊಂಡೆ."

"ನನಗೆ ಹೇಳಿ ಏನು ಬಂತು? ಅವರಿಗೆ ಹೇಳಿ."

ಹಿಂದಿನ ಕೋಣೆಯಲ್ಲಿ ಅವಳು ಹೆಡ್‌ಮಿಸ್‌ಗೆ ವಿಡಿಯೊ ಕರೆ ಹಚ್ಚಿ, ಕುರ್ಚಿ ಬಿಟ್ಟುಕೊಟ್ಟಳು. ಪರದೆಯ ಮೂಲೆಯಲ್ಲಿ ತಮ್ಮದೇ ಮುಖ ನೋಡುತ್ತ ಮಾವ ಎಲ್ಲವನ್ನೂ ಹೇಳಿದರು. ಇದೊಂದು ಸಲ ಕರೆ ಕಡಿದುಹೋಗಬಾರದೇ ಎಂದು ಒಳಗೊಳಗೇ ಆಸೆಯಿತ್ತು.

ಹೆಡ್‌ಮಿಸ್ ಪೂರ್ತಿ ಕೇಳಿಸಿಕೊಂಡರು. "ಛೆ, ಈಗಷ್ಟೇ ಇನ್ನೊಬ್ಬರಿಗೆ ಮಾತು ಕೊಟ್ಟುಬಿಟ್ಟೆ ಸರ್. ಮುಂದೆ ಯಾವುದಾದರೂ ತರಗತಿ ಖಾಲಿಯಾದರೆ ಖಂಡಿತ ಕರೀತೀನಿ."

ಒಂದಕ್ಷರವೂ ತುಂಡಾಗದೆ ಕೇಳಿಸಿತು.