ಬಾಯ್ತುಂಬ ಗುಂಡುಸೂಜಿ

ಆ ಹೊಲಿಗೆ ಅಂಗಡಿಯಲ್ಲಿ ಅತ್ತೆ ಸೊಸೆ ಇಬ್ಬರೂ ದಿನವಿಡೀ ಎದುರುಬದುರು ಕೂತು ದುಡಿದರೂ ಜಗಳದ ಸದ್ದು ಅಕ್ಕಪಕ್ಕದವರಿಗೆ ಒಂದು ದಿನವೂ ಕೇಳಿಸಿರಲಿಲ್ಲ. ಕಾರಣ ಪ್ರೀತಿಯೇನೂ ಅಲ್ಲ. ಇಬ್ಬರ ತುಟಿಗಳ ನಡುವೆಯೂ ಸದಾ ಐದಾರು ಗುಂಡುಸೂಜಿ. ನಲವತ್ತು ವರ್ಷದ ಅಭ್ಯಾಸಬಲದಿಂದ ಅತ್ತೆ ಏನನ್ನು ಬೇಕಾದರೂ ಬಾಯಿ ಬಿಡದೆ ಹೇಳಬಲ್ಲವಳಾಗಿದ್ದಳು. ಗಿಡ್ಡ 'ಹ್ಞೂಂ' ಎಂದರೆ ಆಗಬಹುದು, ಮೂಗಿನಲ್ಲಿ ಏರಿ ಇಳಿದರೆ ಆಗದು, ಉದ್ದಕ್ಕೆ ಎಳೆದರೆ 'ಆ ಕತ್ತರಿ ಎಲ್ಲಿ ಹಾಳಾಗಿ ಹೋಯ್ತು'. ಸೊಸೆ ಮದುವೆಯಾಗಿ ಬಂದ ಆರೇ ತಿಂಗಳಿಗೆ ಈ ಭಾಷೆಯಲ್ಲಿ ಎದುರುತ್ತರ ಕೊಡುವಷ್ಟು ಪಳಗಿಬಿಟ್ಟಿದ್ದಳು.

ಮೊಮ್ಮಗಳು ಆಡುತ್ತಿದ್ದುದೂ ಇದೇ ಭಾಷೆ. ಗುಂಡಗಿದ್ದಾಳೆಂದು ಅಜ್ಜಿಯೇ 'ಗುಂಡಿ' ಎಂದು ಅಡ್ಡಹೆಸರಿಟ್ಟಿದ್ದ ಆ ಮಗು, ಸೂಜಿ ಕತ್ತರಿ ಕೈಗೆ ಸಿಗದಂತೆ ಹಾಕಿದ್ದ ಮರದ ಅಡ್ಡಪಟ್ಟಿಯ ಆಚೆ ಚಾಪೆಯ ಮೇಲೆ ಕೂತು, ಬಟ್ಟೆಯ ತುಂಡುಗಳನ್ನು ಹರಡಿಕೊಂಡು ಹ್ಞೂಂಗುಟ್ಟುತ್ತಿತ್ತು. ಎರಡು ವರ್ಷ ಮೂರು ತಿಂಗಳು ತುಂಬಿದರೂ ಒಂದು ಪದವಿಲ್ಲ, 'ಅಮ್ಮ' ಎಂಬುದೂ ಇಲ್ಲ. ಸೊಸೆ ಒಳಗೊಳಗೇ ಕೊರಗುತ್ತಿದ್ದಳು.

"ಮಾತು ಬೆಳ್ಳಿ, ಮೌನ ಬಂಗಾರ ಕಣೇ," ಎಂದು ಅಜ್ಜಿ ಸಮಾಧಾನ ಹೇಳಿದಳು.

"ಬಂಗಾರ ಸಾಕು ಅತ್ತೆ. ನನಗೀಗ ಬೆಳ್ಳಿ ಬೇಕು," ಎಂದು ಸೊಸೆ ಮಗುವನ್ನೆತ್ತಿಕೊಂಡು ಆಸ್ಪತ್ರೆಗೆ ಹೊರಟೇಬಿಟ್ಟಳು. ಅಜ್ಜಿಯೂ ಹಿಂದೆಯೇ ಹೋದಳು. ತಾನಿಲ್ಲದೆ ಗುಂಡಿಯ ಮಾತನ್ನು ಅಲ್ಲಿ ಬಿಡಿಸಿ ಹೇಳುವವರು ಯಾರು?

ಮೊದಲು ಕಿವಿ ಪರೀಕ್ಷೆ ಆಯಿತು. ಕಿವಿ ಚೆನ್ನಾಗಿಯೇ ಇತ್ತು. ಆಮೇಲೆ ಮಾತು ಕಲಿಸುವ ಡಾಕ್ಟರಮ್ಮ ನೆಲದ ಮೇಲೆಯೇ ಕೂತು, ಬಣ್ಣದ ಚೆಂಡನ್ನು ಡಬ್ಬಿಯಲ್ಲಿಟ್ಟು ಮುಚ್ಚಳ ಬಿಗಿದು ಗುಂಡಿಯ ಕೈಗಿತ್ತಳು. ಮಗುವಿನ ಹುಬ್ಬು ಕೊಂಚ ಮೇಲೇರಿತಷ್ಟೇ, ಅಜ್ಜಿ ಕೈಚಾಚಿ ಮುಚ್ಚಳ ತೆಗೆದಾಗಿತ್ತು.

"ಯಾಕೆ ತೆಗೆದ್ರಿ ಅಜ್ಜಿ? ಅವಳಿನ್ನೂ ಕೇಳೇ ಇಲ್ವಲ್ಲ?"

"ಕೇಳೋದ್ಯಾಕೆ? ಅವಳ ಮನಸ್ಸಲ್ಲಿರೋದೆಲ್ಲ ನನಗೆ ಗೊತ್ತಾಗುತ್ತೆ," ಎಂದಳು ಅಜ್ಜಿ ಹೆಮ್ಮೆಯಿಂದ.

"ಹಾಗಿದ್ರೆ ಅವಳಿಗೆ ಮಾತು ಯಾಕೆ ಬೇಕು ಹೇಳಿ?"

ಅಜ್ಜಿ ತೆಗೆದ ಮುಚ್ಚಳವನ್ನು ಮೆಲ್ಲಗೆ ಮತ್ತೆ ಡಬ್ಬಿಗೆ ಹಾಕಿದಳು. ಸೊಸೆಯಿಂದ ಅಂಗಡಿಯ ದಿನಚರಿಯನ್ನು ಪೂರ್ತಿ ಕೇಳಿಕೊಂಡ ಡಾಕ್ಟರಮ್ಮ ನಕ್ಕಳು. "ಇದೊಂದೇ ಕಾರಣ ಅಂತ ನಾನು ಹೇಳಲ್ಲ. ಆದ್ರೆ ಮಗು ಚೂಟಿಯಾಗಿದೆ, ಮನೆಯವರು ಆಡೋ ಹಾಗೇ ಆಡ್ತಿದೆ. ಅದರ ಮುಖ ನೋಡಿ ಬಾಯ್ಬಿಟ್ಟು ಮಾತಾಡಿ. ಏನು ಬೇಕು ಅಂತ ಕೇಳಿ, ಕೇಳಿದ ಮೇಲೆ ಸುಮ್ಮನೆ ಕಾಯಿರಿ. ಮನಸ್ಸಲ್ಲೇ ಹತ್ತರವರೆಗೆ ಎಣಿಸಿ. ಮುಂದಿನ ತಿಂಗಳು ಮತ್ತೆ ನೋಡೋಣ."

ಮೊಮ್ಮಗಳ ಬಾಯಿಗೆ ತಾನೇ ಬೀಗ ಹಾಕಿದೆನಲ್ಲ ಎಂದು ಅಜ್ಜಿ ದಾರಿಯುದ್ದಕ್ಕೂ ತನ್ನನ್ನೇ ಬೈದುಕೊಂಡಳು. ಆದರೆ ಕೈಚೆಲ್ಲಿ ಕೂರುವ ಜೀವವಲ್ಲ ಅದು. ತಪ್ಪಾಗಿ ಕತ್ತರಿಸಿದ ಎಷ್ಟು ಬಟ್ಟೆಗಳನ್ನು ಅವಳು ಸರಿಮಾಡಿ ಹೊಲಿದುಕೊಟ್ಟಿಲ್ಲ!

ಮರುದಿನ ಸೂಜಿಗಳೆಲ್ಲ ಸೂಜಿ ಚುಚ್ಚಿಡುವ ಪುಟ್ಟ ದಿಂಬಿಗೆ ಹೋದವು. ಅಜ್ಜಿಯ ಬಾಯಿ ತೆರೆಯಿತು ನೋಡಿ, ಕಟ್ಟೆಯೊಡೆದ ಕೆರೆ! "ಗುಂಡೀ, ಇದು ತೋಳು. ತೋಳಿಗೆ ನೂಲು. ನೂಲು ಮುಗೀತು!" ಗಿರಾಕಿಗಳಿಗೂ ಈ ಮಾತಿನ ಪಾಲು ಸಿಕ್ಕಿತು. "ಹೋದ ಸಲಕ್ಕಿಂತ ಎರಡಿಂಚು ದಪ್ಪ ಆಗಿದ್ದೀರಿ," ಎಂದು ಅವಳು ಒಬ್ಬ ಟೀಚರಮ್ಮನಿಗೆ ಮುಖದ ಮೇಲೆ ಹೇಳಿದಾಗ ಸೊಸೆ ಹಣೆ ಚಚ್ಚಿಕೊಂಡಳು. ಅತ್ತೆ ಸೊಸೆಯರ ಆರು ವರ್ಷದ ಜಗಳ ಮೊದಲ ವಾರದಲ್ಲೇ ಬಾಯ್ಬಿಟ್ಟು ಆಡಿ ಮುಗಿಯಿತು. ಇಬ್ಬರಿಗೂ ಹಗುರವೇ ಆಯಿತು.

ಮಾತಾಡುವುದೇನೋ ಬಂತು, ಕಾಯುವುದು ಬರಲಿಲ್ಲ. ಮಗು ಹ್ಞೂಂ ಎಂದೊಡನೆ ಅಜ್ಜಿಯ ಕೈ ತಾನಾಗಿ ಮುಂದೆ ಹೋಗುತ್ತಿತ್ತು. ಕೊನೆಗೆ ಅವಳು ಎರಡೂ ಕೈಗಳನ್ನು ತೊಡೆಯ ಕೆಳಗಿಟ್ಟುಕೊಂಡು ಕೂರತೊಡಗಿದಳು. ತಿಳಿದೂ ತಿಳಿಯದಂತೆ ನಟಿಸುವುದು ಅವಳಿಗೆ ಮಗುವಿಗೆ ಮೋಸ ಮಾಡಿದಷ್ಟೇ ಕಷ್ಟವಾಗಿತ್ತು.

ನಾಲ್ಕನೆಯ ವಾರ ಒಂದು ಮಧ್ಯಾಹ್ನ ಗುಂಡಿಗೆ ಹಾಲು ಕೊಡುವ ಹೊತ್ತು. ಅಜ್ಜಿ ಎಂದಿನಂತೆ ದಪ್ಪ ಕೆನೆಯನ್ನು ಚಮಚದಲ್ಲಿ ಎತ್ತಿ ಲೋಟದ ಮೇಲೆ ತೇಲಿಸಿದಳು. ಮೊಮ್ಮಗಳಿಗೆ ಕೆನೆಯೆಂದರೆ ಪ್ರಾಣ ಎಂದು ಅವಳು ಬೀದಿಗೆಲ್ಲ ಹೇಳಿಕೊಂಡು ಬಂದಿದ್ದಳು. ಗುಂಡಿ ಉದ್ದಕ್ಕೆ ಹ್ಞೂಂ ಎಂದಳು.

"ಏನು ಬೇಕು ಕಂದ?" ಅಜ್ಜಿ ಕೈಗಳ ಮೇಲೆ ಕೂತಳು. ಒಂದು, ಎರಡು, ಮೂರು. ಮಗುವಿನ ಮುಖ ಕೆಂಪಾಯಿತು. ಆರು, ಏಳು. ಸೊಸೆ ಮಿಷನ್ ನಿಲ್ಲಿಸಿದಳು. ಗುಂಡಿ ಲೋಟವನ್ನು ಅಜ್ಜಿಯತ್ತ ತಳ್ಳಿ, ಕೆನೆಗೆ ಬೆರಳು ಚುಚ್ಚಿ, ಬಾಯಿ ಅಗಲಿಸಿದಳು.

"ಬೇಲ!"

"ಏನಂದೆ?"

"ಬೇಲ! ಕೆನೆ ಬೇಲ!"

ಸೊಸೆ ಅಳುತ್ತ ನಗುತ್ತ ಓಡಿಬಂದು ಮಗುವನ್ನು ಅಪ್ಪಿಕೊಂಡಳು. ಅಜ್ಜಿ ಮಾತ್ರ ಲೋಟವನ್ನೇ ನೋಡುತ್ತಿದ್ದಳು. ವರ್ಷದಿಂದ ದಿನಕ್ಕೆರಡು ಸಲ ಈ ಕೂಸು ಇದೇ ಹ್ಞೂಂನಲ್ಲಿ ಬೇಡ ಬೇಡ ಎಂದು ಗೋಗರೆದಿತ್ತು, ಅವಳು ಅದನ್ನು 'ಇನ್ನೂ ಬೇಕು' ಎಂದುಕೊಂಡು ಇನ್ನೊಂದು ಚಮಚ ಹಾಕುತ್ತಿದ್ದಳು.

ಅವಳು ಕೆನೆ ತೆಗೆದು ತನ್ನ ಬಾಯಿಗೇ ಹಾಕಿಕೊಂಡು ನುಂಗಿದಳು. ಕಣ್ಣೊರೆಸಿಕೊಂಡು, ಚಾಪೆಯ ಮೇಲೆ ಮಗುವಿನ ಎದುರಿಗೆ ಚಕ್ಕಂಬಕ್ಕಳ ಹಾಕಿ ಕೂತಳು.

"ಇನ್ನೂ ಏನೇನು ಬೇಡ, ಹೇಳು ನನ್ನ ತಾಯಿ. ಎಲ್ಲಾ ಕೇಳಿಸ್ಕೊಂಡೇ ಏಳ್ತೀನಿ."