ನಡುಮನೆಯ ಫ್ಯೂಸು

"ಫ್ಯೂಸ್ ತೆಗ್ದ್ಯೇನೇ ಸೀತಾ?" ಬಚ್ಚಲಿನ ಬಲ್ಬಿನ ಹೋಲ್ಡರ್ ಬದಲಿಸಲು ಸ್ಟೂಲು ಹತ್ತಿದ್ದ ಗೋಪೀನಾಥ ಕೂಗಿದ.

"ತೆಗ್ದೆ ರೀ."

ಪಿಂಗಾಣಿ ಫ್ಯೂಸು ಅವಳ ಕೈಯಲ್ಲೇ ಇತ್ತು. ಅದನ್ನು ಕಿತ್ತ ಜಾಗದ ಕೆಳಗೆ 'ಬಚ್ಚಲು' ಎಂಬ ಚೀಟಿ. ಪಕ್ಕದಲ್ಲಿ 'ಅಡುಗೆಮನೆ', 'ನಡುಮನೆ'. ರಾಜಾಜಿನಗರದ ಈ ಮನೆ ಒಂದಾಗಿದ್ದಾಗ ಮಾವ ಲಕ್ಷ್ಮೀಪತಿಗಳು ಬರೆದು ಅಂಟಿಸಿದ್ದು. ಅವರು ಹೋದ ಮೇಲೆ ಅಣ್ಣತಮ್ಮಂದಿರು ಜಗಳವಾಡಿ ನಡುಮನೆಗೆ ಅಡ್ಡಗೋಡೆ ಎಬ್ಬಿಸಿದ್ದರು. ಹಳೇ ಬಚ್ಚಲು ಅಣ್ಣ ಶ್ಯಾಮಸುಂದರನ ಪಾಲಿಗೆ ಹೋಯಿತು. ಗೋಪೀನಾಥ ಹಿತ್ತಿಲಲ್ಲಿ ಹೊಸದು ಕಟ್ಟಿಸಿದ. ಮೀಟರು ಮಾತ್ರ ಇನ್ನೂ ಒಂದೇ, ಇವನ ವರಾಂಡದಲ್ಲಿ. ಎರಡು ಮನೆಗೂ ಮಾತಿರಲಿಲ್ಲ.

ಸ್ಟೂಲು ಉರುಳಿದ ಸದ್ದಾಯಿತು. ಸೀತೆ ಓಡಿದಳು. ಗಂಡ ಒದ್ದೆ ನೆಲದ ಮೇಲೆ ಬಿದ್ದಿದ್ದ. ಬಲಗೈ ಬೆರಳು ಸುಟ್ಟು ಕಪ್ಪಾಗಿತ್ತು. ಬಿಚ್ಚಿದ ಹೋಲ್ಡರಿನ ವೈರು ಮೇಲೆ ತೂಗಾಡುತ್ತಿತ್ತು.

"ಭಾವಾ! ಇವ್ರಿಗೆ ಶಾಕ್ ಹೊಡೀತು, ಬನ್ನಿ ಭಾವಾ!" ಅವಳು ನಡುಮನೆಗೆ ಓಡಿ ಅಡ್ಡಗೋಡೆಗೆ ಮುಖವಿಟ್ಟು ಕಿರುಚಿದಳು.

ಶ್ಯಾಮಸುಂದರ ಪಂಚೆ ಎತ್ತಿ ಕಟ್ಟುತ್ತಲೇ ಬಂದ. ಮೊದಲು ಮೇನ್ ಸ್ವಿಚ್ ಆರಿಸಿದ. ತಮ್ಮನನ್ನು ಎತ್ತಿ ತಂದು ವರಾಂಡದಲ್ಲಿ ಮಲಗಿಸಿ ಎದೆಗೆ ಕಿವಿಯಿಟ್ಟ. ಅಲಮೇಲು ನೀರು ಹಿಡಿದು ಗಂಡನ ಹಿಂದೆಯೇ ಬಂದಿದ್ದಳು.

"ಅಣ್ಣಾ..." ಗೋಪೀನಾಥ ಕಣ್ಣು ಬಿಟ್ಟ.

"ಮಾತಾಡ್ಬೇಡ ಕಣೋ, ಸುಮ್ನೆ ಮಲ್ಕೋ." ಶ್ಯಾಮಸುಂದರ ತಮ್ಮನ ತಲೆಯನ್ನು ತನ್ನ ತೊಡೆಗೆ ಎತ್ತಿಕೊಂಡ.

ಡಾಕ್ಟರು ಕೈಗೆ ಬ್ಯಾಂಡೇಜು ಸುತ್ತಿ ಕಳಿಸಿದರು. ಸಂಜೆ ಶ್ಯಾಮಸುಂದರ ತಾನೇ ಬಂದು ಬಚ್ಚಲಿಗೆ ಬೇರೆ ಹೋಲ್ಡರ್ ಹಾಕಿ, ಬಲ್ಬು ಸಿಕ್ಕಿಸಿ, ಫ್ಯೂಸ್ ಬೋರ್ಡಿನ ಮುಂದೆ ನಿಂತ.

"ಈ ಚೀಟಿ ನಂಬ್ಕೊಂಡ್ರೆ ಇನ್ಯಾರಿಗೋ ಆಗತ್ತೆ. ಎಲ್ಲಾ ದೀಪ ಹಾಕಿ. ಒಂದೊಂದೇ ತೆಗೀತೀನಿ, ಯಾವ್ದು ಆರಿತು ಅಂತ ಕೂಗಿ."

ಆಚೆ ಮನೆಯಲ್ಲಿ ಅಲಮೇಲು, ಈಚೆ ಸೀತೆ. 'ಬಚ್ಚಲು' ತೆಗೆದಾಗ ಆಚೆಯಿಂದ ದನಿ ಬಂತು: "ನಮ್ಮ ಬಚ್ಚಲು ಹೋಯ್ತು ರೀ!" 'ನಡುಮನೆ' ತೆಗೆದಾಗ ಎರಡೂ ಕಡೆ ಕತ್ತಲಾಯಿತು.

"ಹೊಸ ಬಚ್ಚಲು ಹೋಯ್ತು ಭಾವ. ನಮ್ಮ ಕಡೆ ನಡುಮನೇನೂ ಹೋಯ್ತು."

"ಇಲ್ಲೂ ಹೋಯ್ತು!"

ಕುರ್ಚಿಯಲ್ಲಿದ್ದ ಗೋಪೀನಾಥ ಮೆಲ್ಲಗೆ ಕೇಳಿದ, "ಇದಕ್ಕೇನು ಬರೀತೀಯಣ್ಣ?"

ಶ್ಯಾಮಸುಂದರ ಪೆನ್ಸಿಲ್ ತೆಗೆದುಕೊಂಡ. ಅಪ್ಪನ ಅಕ್ಷರ ಹೊಡೆದುಹಾಕಲಿಲ್ಲ. ಅದರ ಕೆಳಗೆ 'ಹೊಸ ಬಚ್ಚಲೂ ಸೇರಿ' ಎಂದಷ್ಟೇ ಬರೆದು ಫ್ಯೂಸು ಒತ್ತಿದ.

ಸೀತೆ ಗಂಡನ ಮುಂದೆ ಸಾರನ್ನದ ತಟ್ಟೆ ತಂದಿಟ್ಟಳು. ಅವನು ಎಡಗೈಯನ್ನು ಮುಂದೆ ತಂದು, ಮತ್ತೆ ಹಿಂದಕ್ಕೆಳೆದುಕೊಂಡ. ಶ್ಯಾಮಸುಂದರ ಕೈ ತೊಳೆದು ಬಂದು ತಟ್ಟೆಯನ್ನು ತನ್ನತ್ತ ಎಳೆದುಕೊಂಡ. ಅನ್ನ ಬಿಸಿಯಿತ್ತು. ಅವನು ಮೊದಲ ತುತ್ತನ್ನು ಬೆರಳ ತುದಿಯಲ್ಲಿ ಹಿಡಿದು ಊದತೊಡಗಿದ.